ನಾನು ಹೋಗದೇ ಉಳಿದ ಸೇವಾ ಪ್ರವಾಸ

ಸೇವೆ ಮಾಡಲು ನನ್ನಷ್ಟು ತಯಾರಾಗಿ ಕೂತ ಮನುಷ್ಯ ಮಲೇಷ್ಯಾದ ಈ ಇಡೀ ಸೈಬರ್‌ಜಯಾ ಊರಿನಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಮೊದಲೇ ನಮ್ರತೆಯಿಂದ ತಿಳಿಸುತ್ತೇನೆ.

ನಾನು ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವವನು. ಹೆಂಡತಿ ಸುಮನಾ ಉಡುಪಿಯಲ್ಲಿ, ಬ್ಯಾಂಕಿನ ಕೆಲಸದಲ್ಲಿ. ಮಾರ್ಚ್ ರಜೆ ಬಂತೆಂದರೆ ಕಾಲೇಜೂ ಖಾಲಿ, ನನ್ನ ಫ್ಲ್ಯಾಟೂ ಖಾಲಿ. ಹೋದ ವರ್ಷದ ರಜೆಯಲ್ಲಿ ವಾರವಿಡೀ ನಾನು ಎದುರೆದುರು ಮಾತಾಡಿದ್ದು ಮಾಮಕ್ ಎನ್ನುವ ತಮಿಳು ಮುಸ್ಲಿಂ ಹೋಟೆಲಿನವನ ಹತ್ತಿರ ಮಾತ್ರ, ಅದೂ 'ರೋಟಿ ಎರಡು, ತಪಾವ್' ಎಂದು ಕಟ್ಟಿಸಿಕೊಳ್ಳುವಾಗ.

ಆದ್ದರಿಂದ ಈ ವರ್ಷ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಪಹಾಂಗ್‌ನ ಒಂದು ಆದಿವಾಸಿ ಹಳ್ಳಿಗೆ ಸೇವೆಗೆ ಹೋಗುತ್ತಾರೆ, ಅಲ್ಲಿನ ಶಾಲೆಗೆ ಬಣ್ಣ ಬಳಿಯುತ್ತಾರೆ, ಜೊತೆಗೊಬ್ಬ ಮೇಷ್ಟ್ರು ಬೇಕಂತೆ ಎಂದು ತಿಳಿದ ಸಂಜೆಯೇ ಹೊಸ ಬೂಟು, ಮಳೆ ಅಂಗಿ, ಸೊಳ್ಳೆ ಮುಲಾಮು ತಂದಿಟ್ಟೆ. ಇನ್ನು ಅವರು ಕರೆಯುವುದೊಂದೇ ಬಾಕಿ!

ಕರೆದರು. ತಂಡದ ನಾಯಕಿ ಐಷಾ ನನ್ನ ಕೋಣೆಗೇ ಬಂದು, "ಸರ್, ನಮ್ಮ ಜೊತೆ ಬರ್ತೀರಾ?" ಎಂದಳು.

"ಛೆ ಛೆ, ನಾನ್ಯಾಕೆ? ನೀವು ಹುಡುಗರು ಹೋಗಿಬನ್ನಿ," ಎಂದೆ.

ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದನೇ ಸಲ ಕರೆದಾಗ ಬೇಡ ಎನ್ನಬೇಕು. ಎರಡನೇ ಸಲಕ್ಕೆ ಏನಾದರೊಂದು ನೆಪ ಹೇಳಬೇಕು. ಮೂರನೇ ಸಲ 'ನೀವು ಇಷ್ಟು ಒತ್ತಾಯ ಮಾಡುವಾಗ' ಎಂದು ಏಳಬೇಕು. ಕರೆದ ಕೂಡಲೇ ಹೊರಟರೆ, ಪುಣ್ಯಾತ್ಮ ಕಾದೇ ಕೂತಿದ್ದ ಎನ್ನುತ್ತಾರೆ. ಐಷಾ ಮಾತ್ರ, "ತೊಂದರೆ ಇಲ್ಲ ಲಾ, ಸರ್," ಎಂದು ಈ ದೇಶದ ರಾಗದಲ್ಲಿ ಹೇಳಿ, ನಕ್ಕು ಹೋಗಿಯೇಬಿಟ್ಟಳು. ನಾನು ಎರಡನೇ ಸಲದ ನೆಪ ಸಿದ್ಧಮಾಡಿಕೊಂಡು ಬಾಗಿಲು ನೋಡುತ್ತಾ ಕೂತೆ.

ಮರುದಿನ ಪಕ್ಕದ ವಿಭಾಗದ ಲಿಮ್ ಒಪ್ಪಿಕೊಂಡರಂತೆ. ಒಂದೇ ಸಲಕ್ಕೆ! ನಾಚಿಕೆ ಬೇಡವೇ ಮನುಷ್ಯನಿಗೆ?

ಫೋನಿನಲ್ಲಿ ಸುಮನಾ ನಕ್ಕಳು. "ಎಂತ ಮಾರಾಯ್ರೆ, ಬರ್ತೇನೆ ಅಂತ ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ? ಈಗ್ಲಾದ್ರೂ ಹೋಗಿ ಹೇಳಿ."

"ನಾನಾಗಿ ಕೇಳುದಾ? ಅದು ಚಂದ ಅಲ್ಲ. ಸೂಚನೆ ಕೊಡ್ತೇನೆ."

ಸೂಚನೆ ಕೊಟ್ಟೆ. ಮಳೆ ಅಂಗಿ, ಮುಲಾಮು ಎರಡನ್ನೂ ಒಯ್ದು ಐಷಾಳ ಎದುರಿಟ್ಟು, "ಕಾಡಿಗೆ ಹೋಗುವವರಿಗೆ ಇವೆಲ್ಲ ಬೇಕಾಗ್ತದೆ," ಎಂದೆ. ಇಷ್ಟಾದ ಮೇಲೂ 'ನೀವೇ ಬನ್ನಿ ಸರ್' ಎನ್ನದವರು ಉಂಟೇ? ಉಂಟು. "ಎಷ್ಟು ಒಳ್ಳೆಯವರು ಸರ್ ನೀವು!" ಎಂದು ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. "ಅಂದ ಹಾಗೆ, ಲಿಮ್ ಸರ್ ಹತ್ತಿರ ಬೂಟು ಇಲ್ಲವಂತೆ. ನಿಮ್ಮ ಅಳತೆ ಎಷ್ಟು?"

ನನ್ನದು ಎಂಟು. ಅವರದೂ ಎಂಟು!

ಹೊರಡುವ ದಿನ ಬೆಳಿಗ್ಗೆ ಬೀಳ್ಕೊಡಲು ಹೋದೆ. ಕೈಯಲ್ಲಿ ಇಪ್ಪತ್ತು ಜನರಿಗಾಗುವ ಚಿತ್ರಾನ್ನ. ಕಾರಿನ ಡಿಕ್ಕಿಯಲ್ಲಿ, ಯಾವುದಕ್ಕೂ ಇರಲಿ ಎಂದು, ನಾಲ್ಕು ಜೊತೆ ಬಟ್ಟೆ ತುಂಬಿದ ಬ್ಯಾಗು. ಲಿಮ್ ನನ್ನ ಬೂಟು ಹಾಕಿಕೊಂಡು ಓಡಾಡುತ್ತಿದ್ದರು. ಹೊಟ್ಟೆ ಉರಿದರೂ ಹೇಳಬೇಕು, ಅವರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಅಷ್ಟರಲ್ಲಿ ಐಷಾ ಓಡಿಬಂದಳು. "ಸರ್, ಒಬ್ಬಳಿಗೆ ಜ್ವರ. ಒಂದು ಸೀಟು ಖಾಲಿ ಇದೆ. ಬನ್ನಿ ಸರ್, ನಮಗೆಲ್ಲ ಖುಷಿಯಾಗುತ್ತೆ!"

ಕಾಲು ಡಿಕ್ಕಿಯ ಕಡೆ ತಿರುಗಿಯೇಬಿಟ್ಟಿತು. ಬಾಯಿ ಮಾತ್ರ ನಲವತ್ತೆಂಟು ವರ್ಷದ ಅಭ್ಯಾಸಬಲದಿಂದ, ಯಾರ ಅಪ್ಪಣೆಗೂ ಕಾಯದೆ, "ಅಯ್ಯೋ ಬೇಡ, ಸುಮ್ಮನೆ ನಿಮಗೆ ತೊಂದರೆ," ಎಂದಿತು.

ಬಸ್ಸು ಹೊರಟಿತು. ಹುಡುಗರೆಲ್ಲ ಕಿಟಕಿಯಿಂದ ಕೈಬೀಸಿದರು. ನಾನೂ ಬೀಸಿದೆ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು. ನಿಜ ಹೇಳುತ್ತೇನೆ, ಅಳು ಬಂತು. ಮನೆಗೆ ಬಂದು ಬ್ಯಾಗಿನ ಬಟ್ಟೆಯನ್ನೆಲ್ಲ ಒಂದೊಂದಾಗಿ ಕಪಾಟಿನಲ್ಲಿಟ್ಟೆ. ಆ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ರಜೆ ಇನ್ನೂ ಒಂಬತ್ತು ದಿನ ಇತ್ತು.

ಮೂರನೇ ದಿನ ಮಧ್ಯಾಹ್ನ ಸುಮನಾಳಿಗೆ ಫೋನು ಮಾಡಿದೆ. ನನ್ನ ದನಿ ಹೇಗಿತ್ತೋ ಏನೋ, "ಊಟ ಆಯ್ತಾ?" ಎಂದವಳು ಉತ್ತರಕ್ಕೂ ಕಾಯದೆ, "ನಾನು ಬರ್ಲಾ ಒಂದು ವಾರ?" ಎಂದಳು.

ಬಾಯಿ 'ಛೆ' ಎನ್ನಲು ತೆರೆದುಕೊಂಡಿತು. ಈ ಸಲ ನಾನು ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ, ಒಂದೇ ಸಲಕ್ಕೆ, "ಬಾ," ಎಂದೆ. "ನಾಳೆಯೇ ಬಾ."



"ಅಯ್ಯೋ ಮಾರಾಯ್ರೆ," ಎಂದಳು ಮೆಲ್ಲಗೆ. "ನೀವು ಬೇಡ ಹೇಳ್ತೀರಿ ಅಂತ ನಾನು ಬಾಯಿಮಾತಿಗೆ ಕೇಳಿದ್ದು. ಬ್ಯಾಂಕಲ್ಲಿ ಮಾರ್ಚ್ ಕೊನೆ ಅಲ್ವಾ? ಈಗ ರಜೆ ಯಾರು ಕೊಡ್ತಾರೆ?"

"ಛೆ ಛೆ, ನಾನೂ ಸುಮ್ಮನೆ ಹೇಳಿದ್ದು," ಎಂದೆ.