ದೊಡ್ಡಮಾವ ಇದ್ದಾರೋ ಇಲ್ಲವೋ

ನಮ್ಮ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಅದನ್ನು ಅವರಿಗೆ ಮಾಡಿದ ಉಪಕಾರದಂತೆ ತೋರಿಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಮನೆಯಲ್ಲಿ ನಾನು ಹಾಗೆ ಮಾಡಿದರೆ ಹೆಂಡತಿ ಸುಮಾ ಸೋಮಾರಿತನ ಎನ್ನುತ್ತಾಳೆ. ನನ್ನ ವೃತ್ತಿಯಲ್ಲಿ ಅದಕ್ಕೆ ಕ್ಲೈಂಟ್ ಸೈಡ್ ಪ್ರೊಸೆಸಿಂಗ್ ಎಂಬ ಗೌರವದ ಹೆಸರಿದೆ. ನಾನು ಕಡೂರಿನಲ್ಲಿ ಕೂತು ಅಂಗಡಿಗಳಿಗೆ, ಕಲ್ಯಾಣಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುವವನು.

ಸುಮಾಳ ತವರು ಅಜ್ಜಂಪುರ. ಅಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವಳ ದೊಡ್ಡಪ್ಪ ಶಿವರುದ್ರಪ್ಪನವರು, ಅಂದರೆ ನನ್ನ ದೊಡ್ಡಮಾವ, ಒಂದು ದಿನ "ಅಳಿಯಂದ್ರೇ, ನಮ್ಮ ವಂಶಾವಳಿ ಎಲ್ಲರ ಮೊಬೈಲ್‌ನಾಗೂ ಬರೋಂಗೆ ಮಾಡ್ಕೊಡಿ" ಎಂದರು. ಖಾತೆ ಬದಲಾವಣೆಗೆ ಕೇಳುತ್ತಾರಲ್ಲ, ಆ ಒಣ ವಂಶಾವಳಿಯಲ್ಲ. ಕೊಂಬೆ ರೆಂಬೆ, ಫೋಟೋ ಎಲ್ಲ ಇರಬೇಕು. ಮಾವನ ಮನೆಯವರು ನನ್ನನ್ನು ಕೆಲಸಕ್ಕೆ ಬರುವವನು ಎಂದುಕೊಂಡದ್ದು ಅದೇ ಮೊದಲು. ಒಪ್ಪಿಕೊಂಡೆ.

ಹೆಸರುಗಳನ್ನೆಲ್ಲ ಎಕ್ಸ್‌ಎಂಎಲ್ ಫೈಲಿನಲ್ಲಿ ತುಂಬಿದೆ. ಅದರಲ್ಲಿ ಇದು ಹೆಸರು, ಇದು ಊರು ಎಂದು ಪ್ರತಿ ಮಾತಿಗೂ ಒಂದು ಚೀಟಿ ಅಂಟಿಸಿದಂತಿರುತ್ತದೆ. 'ದಿವಂಗತರೇ?' ಎಂದೂ ಒಂದು ಚೀಟಿ. ತೀರಿಕೊಂಡವರಿಗೆ 'ಹೌದು', ಬದುಕಿರುವವರಿಗೆ 'ಇಲ್ಲ'. ಈ ಕಚ್ಚಾ ಸರಕನ್ನು ಚೆಂದದ ಮರವಾಗಿ ಬದಲಿಸುವ ಕೆಲಸ ಸರ್ವರ್‌ನಲ್ಲಿ, ಅಂದರೆ ನಾನು ಬಾಡಿಗೆಗೆ ಹಿಡಿದ ಕಂಪ್ಯೂಟರಿನಲ್ಲಿ ಆಗಬಹುದು. ಇಲ್ಲವೇ ನೋಡುವವರ ಮೊಬೈಲ್‌ನಲ್ಲೇ ಆಗಬಹುದು; ಅದೇ ಕ್ಲೈಂಟ್ ಸೈಡ್. ನನ್ನ ಸರ್ವರ್ ಬಡಪಾಯಿ, ನಾಲ್ಕು ಜನ ಒಟ್ಟಿಗೆ ಬಂದರೆ ಏದುಸಿರು ಬಿಡುತ್ತದೆ. ಅವರವರ ಮರ ಅವರವರೇ ಬೆಳೆಸಿಕೊಳ್ಳಲಿ ಎಂದು ಕಚ್ಚಾ ಸರಕನ್ನೇ ಎಲ್ಲರಿಗೂ ಹೋಗುವಂತೆ ಮಾಡಿದೆ. ನನ್ನ ಫೋನಿನಲ್ಲಿ, ಸುಮಾಳ ಫೋನಿನಲ್ಲಿ ಮರ ಸೊಗಸಾಗಿ ಬಂತು. ಭಾನುವಾರ ಬೆಳಿಗ್ಗೆ ಬಳಗದ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ, ಹೊಗಳಿಕೆಗಾಗಿ ಕಾಯುತ್ತ ಕೂತೆ.

ಮಧ್ಯಾಹ್ನ ದೊಡ್ಡಮಾವನ ಫೋನ್ ಬಂತು. "ಏನ್ ಮಾಡಿದ್ರಿ ಅಳಿಯಂದ್ರೇ? ಲಿಂಗದಹಳ್ಳಿಯಿಂದ ತಂಗಿ ಗಿರಿಜಮ್ಮ ಬಂದವ್ಳೆ. ನಾನು ಸತ್ತೋದೆ ಅಂತ ಅಳ್ತಾ ಬಂದ್ಲು ಕಣ್ರೀ. ಬಾಗ್ಲು ತೆಗ್ದಿದ್ದು ನಾನೇ!"

ಬೈಕ್ ಹತ್ತಿ ನಾನೂ ಸುಮಾಳೂ ಅಜ್ಜಂಪುರಕ್ಕೆ ಓಡಿದೆವು. ಗಿರಿಜಮ್ಮ ಇನ್ನೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಹಳೆಯ ಮೊಬೈಲಿಗೆ ಮರ ಬೆಳೆಸುವ ತ್ರಾಣವಿರಲಿಲ್ಲ. ಅದು ಚೀಟಿಗಳನ್ನೆಲ್ಲ ಕಿತ್ತೆಸೆದು ಉಳಿದದ್ದನ್ನು ಸಾಲಾಗಿ ಸುರಿದಿತ್ತು: 'ಶಿವರುದ್ರಪ್ಪ ಅಜ್ಜಂಪುರ ಇಲ್ಲ.' ಅಷ್ಟು ಓದಿದ್ದೇ ಆಕೆ ಬಸ್ಸು ಹತ್ತಿದ್ದಾರೆ. ಇನ್ನೊಂದು ಸಾಲು ಓದಿದ್ದರೆ ತಾವೂ ಇಲ್ಲವೆಂಬುದು ತಿಳಿಯುತ್ತಿತ್ತು, ಆದರೆ ಕಣ್ಣೀರು ಓದಲು ಬಿಡಲಿಲ್ಲವಂತೆ.

"ಅಲ್ಲ ಅತ್ತೆ, ಒಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ?" ಎಂದಳು ಸುಮಾ.

"ಸತ್ತೋರ ಮನೆಗೆ ಫೋನ್ ಮಾಡಿ, ಸತ್ತಿದ್ದು ನಿಜವಾ ಅಂತ ಕೇಳ್ತಾರೇನೇ? ನಮ್ಮಪ್ಪನ ಹೆಸರಿಗೆ ಬೇರೆ, ಇನ್ನೂ ಬದುಕವ್ರೆ ಅನ್ನೋಂಗೆ, ಹೌದು ಅಂತ ಐತೆ. ಆ ಪುಣ್ಯಾತ್ಮ ಹೋಗಿ ಎಷ್ಟು ಕಾಲ ಆಯ್ತು!"

ನಾನು ದೊಡ್ಡಮಾವನಿಗೆ ಕ್ಲೈಂಟ್ ಸೈಡ್, ಸರ್ವರ್ ಸೈಡ್ ಎಲ್ಲ ವಿವರಿಸಿದೆ. ಅವರು ಎಲೆ ಅಡಿಕೆ ಅಗಿಯುತ್ತ ಕೊನೆಯವರೆಗೂ ಕೇಳಿದರು. "ಅಂದ್ರೆ, ನಾನು ಬದುಕಿದೀನೋ ಇಲ್ವೋ ಅನ್ನೋದನ್ನ ಗಿರಿಜಮ್ಮನ ಮೊಬೈಲ್ ತೀರ್ಮಾನ ಮಾಡ್ಬೇಕಾ? ಅದೇನಿದ್ರೂ ನಿಮ್ಮ ಹತ್ರಾನೇ ಮುಗಿಸಿ ಕಳ್ಸಿ."

ಸರ್ವರ್‌ನ ಕಷ್ಟ ಹೇಳೋಣವೆನಿಸಿತು. ಆದರೆ ನಾನೇ ಸಾಯಿಸಿದ ವ್ಯಕ್ತಿ ಎದುರಿಗೆ ಕೂತಿರುವಾಗ ವಾದ ಮಾಡುವ ಧೈರ್ಯ ಬರಲಿಲ್ಲ. ಸಾವಿಗೆಂದು ಬಂದ ಗಿರಿಜಮ್ಮ ಹೋಳಿಗೆ ಊಟ ಮಾಡಿಕೊಂಡು ಊರಿಗೆ ಹೊರಟರು.

ಆ ವಾರವೇ ಎಲ್ಲವನ್ನೂ ಸರ್ವರ್‌ಗೆ ವರ್ಗಾಯಿಸಿದೆ. ಈಗ ಯಾವ ಮೊಬೈಲ್‌ನಲ್ಲಿ ನೋಡಿದರೂ ಒಂದೇ ಮರ. ದೊಡ್ಡಮಾವ ಸೀರೆ ಕೊಳ್ಳಲು ಬಂದವರಿಗೆಲ್ಲ ಅದನ್ನು ತೋರಿಸಿಯೇ ಸೀರೆ ತೋರಿಸುತ್ತಿದ್ದರು. ಕೆಲವು ತಿಂಗಳಾದ ಮೇಲೆ ಸುಮಾ ಫೋನ್ ನೋಡುತ್ತ, "ರೀ, ನನ್ನ ಪಕ್ಕ ಖಾಲಿ ಇದೆಯಲ್ಲ?" ಎಂದಳು. ನೋಡಿದೆ. ಬಳಗದ ಸೊಸೆಯಂದಿರು, ಅಳಿಯಂದಿರು ಎಲ್ಲರನ್ನೂ ಸೇರಿಸುವ ಭರದಲ್ಲಿ ನನ್ನ ಹೆಸರನ್ನೇ ಬಿಟ್ಟಿದ್ದೆ. ನಾಚಿಕೆಯಿಂದ ದೊಡ್ಡಮಾವನಿಗೆ ಫೋನ್ ಮಾಡಿ ತಪ್ಪಾಯಿತೆಂದೆ.

"ಅಯ್ಯೋ, ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೇ" ಎಂದು ಸಮಾಧಾನ ಹೇಳಿದರು. "ಇಡೀ ಬಳಗ ನೋಡೈತೆ. ಒಬ್ರೂ ಕೇಳ್ಲಿಲ್ಲ."