ನಿಲ್ಲದ ಆಟ

ಹೋದ ಭಾನುವಾರ ಮಗಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಎರಡು ಮಾತು ಹೇಳಿ ಹೋಗಿದ್ದಳು. "ಅಪ್ಪಾ, ನಿನ್ ಕಂಪ್ಯೂಟರು ಆಟದ ಮಧ್ಯೆ ತುಂಬಾ ನಿಲ್ಲುತ್ತೆ." ಆಮೇಲೆ ಗೋಡೆ ನೋಡುತ್ತಾ, "ಇನ್ಮುಂದೆ ಬರೋಕಾಗುತ್ತೋ ಇಲ್ವೋ."

ಟೈಲರ್ ಆ ಎರಡು ತುಂಡನ್ನೂ ಹಿಡಿದು ಒಂದೇ ಹೊಲಿಗೆ ಹಾಕಿಬಿಟ್ಟ. ಕಂಪ್ಯೂಟರು ನಿಲ್ಲುತ್ತದೆ, ಅದಕ್ಕೇ ಮಗಳು ಬರುವುದಿಲ್ಲ.

ಹೆಂಡತಿ ಬೇರೆ ಮನೆ ಮಾಡಿದ ಮೇಲೆ ಮಗಳು ಅವನ ಪಾಲಿಗೆ ಸಿಗುತ್ತಿದ್ದುದು ಭಾನುವಾರದ ಮಧ್ಯಾಹ್ನ ಮಾತ್ರ. ಉಳಿದ ವಾರವೆಲ್ಲ ಅವನು ಕಂಡವರ ಪ್ಯಾಂಟಿನ ಸೊಂಟ ಬಿಗಿ ಮಾಡುತ್ತಾ ಆ ಮಧ್ಯಾಹ್ನಕ್ಕೆ ಕಾಯುತ್ತಿದ್ದ. ಅದೂ ಕೈತಪ್ಪಿದರೆ? ಶನಿವಾರವೇ ಹೋಗಿ ಆಟದ ಚಿತ್ರ ಸರಾಗ ಓಡಿಸುವ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡು ತಂದ. ಗೊತ್ತಿಲ್ಲದೆ ತರಲಿಲ್ಲ, ಕಂಪ್ಯೂಟರ್ ಪೆಟ್ಟಿಗೆಯ ಒಳಗನ್ನು ಟೇಪು ಹಿಡಿದು ಅಳೆದೇ ತಂದಿದ್ದ.

ಭಾನುವಾರ ಬೆಳಿಗ್ಗೆ ನೋಡಿದರೆ ಕಾರ್ಡು ಒಳಗೆ ಹೋಗಲೊಲ್ಲದು. ಮುಂದುಗಡೆ ಒಂದು ಫ್ಯಾನು ಅಡ್ಡ ಕೂತಿತ್ತು. ಅದರ ದಪ್ಪವನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಬಟ್ಟೆ ಆಗಿದ್ರೆ ಪಕ್ಕ ಬಿಚ್ಚಿ ಸಡಿಲ ಮಾಡ್ತಿದ್ದೆ," ಎಂದು ಗೊಣಗಿದ.

ಎದುರುಮನೆ ನರ್ಸಮ್ಮ ಹಾಲು ಕೇಳಲು ಬಂದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. "ಆ ಫ್ಯಾನು ತೆಗೆದ್ಹಾಕಿ. ಅಪೆಂಡಿಕ್ಸ್ ಇದ್ದ ಹಾಗೆ, ಇದ್ರೂ ಇಲ್ದಿದ್ರೂ ಒಂದೇ." ಹೇಳಿದ್ದಷ್ಟೇ ಅಲ್ಲ, ಸ್ಕ್ರೂ ಡ್ರೈವರ್ ಕಸಿದು ತೆಗೆದೂಬಿಟ್ಟಳು. ಕಾರ್ಡು ಕೂತಿತು.

ಅಷ್ಟರಲ್ಲಿ ಮೇಲ್ಮನೆಯ ನಿವೃತ್ತ ಲೈನ್‌ಮನ್ ಮೆಟ್ಟಿಲಿಳಿದು ಬಂದರು. ಎಲ್ಲಿ ತಂತಿ ಕಂಡರೂ ಅವರ ಕೈ ತುರಿಸುತ್ತಿತ್ತು. "ಏನಯ್ಯಾ, ಪವರ್ ಸಪ್ಲೈ ನೋಡಿದ್ಯಾ? ಈ ಬಕಾಸುರನಿಗೆ ಅದು ಉಣಿಸುತ್ತಾ?"

"ಉದ್ದ ನೋಡಿದೀನಿ ಸಾರ್."

"ಉದ್ದ ನೋಡೋಕೆ ಇದೇನ್ ಲಂಗಾನೇನಯ್ಯಾ!"

ಕಾರ್ಡು ಮಾರಿದ್ದ ಬಿಡಿಭಾಗದ ಅಂಗಡಿಯವನು, ಮತ್ತೆ ಓಡಿಬಂದ ಟೈಲರನನ್ನು ನೋಡಿದ್ದೇ ನಕ್ಕ. "ಪವರ್ ಸಪ್ಲೈ ಕೊಡೋಣ. ಮದರ್‌ಬೋರ್ಡ್ ಯಾವುದು ಅಂತ ಹೇಳಿ."

"ಹಸಿರು ಬಣ್ಣದ್ದು."

"ಅಣ್ಣಾ, ಎಲ್ಲಾ ಹಸಿರೇ. ಯಾವ ಮಾಡೆಲ್ಲು? ಹಳೇದಾದ್ರೆ ಕಾರ್ಡ್ ಓಡಿದ್ರೂ ಆಟ ನಿಲ್ಲೋದು ನಿಲ್ಲಲ್ಲ. ಮೆಮೊರಿ, ಪ್ರೊಸೆಸರ್ರು, ಎಲ್ಲಾ ಒಂದಕ್ಕೊಂದು ಹೊಂದ್ಬೇಕು."

ಟೈಲರ್ ಪವರ್ ಸಪ್ಲೈ ಜೊತೆಗೆ ಹೊಸ ಮೆಮೊರಿ ಪಟ್ಟಿಯನ್ನೂ ತಂದ. ಅದು ಹಳೆಯ ಬೋರ್ಡಿಗೆ ಕೂರಲಿಲ್ಲ. ಪಟ್ಟಿಯಲ್ಲಿದ್ದ ಕಚ್ಚಿಗೂ ಬೋರ್ಡಿನಲ್ಲಿದ್ದ ಉಬ್ಬಿಗೂ ತಾಳೆಯಿಲ್ಲ, ಕಾಜಾ ಒಂದು ಕಡೆ, ಗುಂಡಿ ಇನ್ನೊಂದು ಕಡೆ. ಮತ್ತೆ ಅಂಗಡಿ. ಹೊಸ ಬೋರ್ಡು. ಹೊಸ ಬೋರ್ಡಿಗೆ ಹಳೆಯ ಪ್ರೊಸೆಸರ್ ಆಗದು. ಮತ್ತೆ ಅಂಗಡಿ. ಕೊನೆಯ ಸಲ ಕೈಯಲ್ಲಿ ಕಾಸೇನೂ ಉಳಿದಿರಲಿಲ್ಲ. ಅಂಗಡಿಯವನ ಹೆಂಡತಿ ಹೊಲಿಗೆ ಕಲಿಯುತ್ತಿದ್ದಳಂತೆ. ಪ್ರೊಸೆಸರಿನ ಬದಲಿಗೆ ಟೈಲರನ ಓವರ್‌ಲಾಕ್ ಯಂತ್ರ ಆಟೋ ಹತ್ತಿ ಹೋಯಿತು.

"ಅಂಚು ಹೇಗೆ ಹೊಲೀತೀರಿ ಇನ್ಮೇಲೆ?" ಎಂದಳು ನರ್ಸಮ್ಮ.

"ಕೈಯಲ್ಲಿ. ಮುಂಚೆ ಎಲ್ಲಾ ಕೈಯಲ್ಲೇ ಅಲ್ವಾ?"

"ಒಂದು ಆಟಕ್ಕೋಸ್ಕರ ಇಷ್ಟೊಂದಾ?"

ಟೈಲರ್ ತಲೆ ತಗ್ಗಿಸಿದ. "ಪರದೆ ನಿಂತಾಗೆಲ್ಲ ಪಾಪ ಮಗು ಹೆಡ್‌ಫೋನ್ ಇಳಿಸಿ ನನ್ ಕಡೆ ತಿರುಗಿ ಕೂರುತ್ತೆ. ಲೆಕ್ಕದ ಮೇಡಂ ಸೀನಿದ್ದು, ಗೆಳತಿ ಮುನಿಸ್ಕೊಂಡಿದ್ದು, ಏನೋ ಒಂದು ಹೇಳುತ್ತೆ. ಎಷ್ಟು ಬೇಜಾರಾಗಿರ್ಬೇಕು ಹೇಳಿ, ನನ್ನಂಥೋನ ಹತ್ರ ಮಾತಾಡಿ ಹೊತ್ತು ಕಳೀಬೇಕು ಅಂದ್ರೆ!"

ನರ್ಸಮ್ಮ ಏನೋ ಹೇಳಹೊರಟಳು. ಅಷ್ಟರಲ್ಲಿ ಲೈನ್‌ಮನ್ "ಹಾಕ್ರಿ ಸ್ವಿಚ್ಚು!" ಎಂದು ಕೂಗಿದರು. ಪೆಟ್ಟಿಗೆ ಉಸಿರೂ ಕೇಳಿಸದ ಹಾಗೆ ಚಾಲೂ ಆಯಿತು. ಮೂವರೂ ಮದುವೆ ಮುಗಿಸಿದವರ ಹಾಗೆ ಬೆವರು ಒರೆಸಿಕೊಂಡರು.

ಮಗಳು ಬಂದಳು! ಟೈಲರ್ ಎಂದಿನಂತೆ ಅವಳ ಪಕ್ಕ ಸ್ಟೂಲು ಹಾಕಿಕೊಂಡ. ಸ್ಟೂಲು ಸರಿ ಮಾಡುವಷ್ಟರಲ್ಲಿ ಆಟ ತೆರೆದಿತ್ತು. ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಬೆಟ್ಟ ಬಂತು, ನಿಲ್ಲಲಿಲ್ಲ. ಸುರಂಗ ಬಂತು, ನಿಲ್ಲಲಿಲ್ಲ. ಮಗಳು ನಡುನಡುವೆ ಪರದೆಯ ಮೂಲೆಯ ಗಡಿಯಾರವನ್ನೇ ದಿಟ್ಟಿಸುವಳು, ತುಟಿ ಒದ್ದೆ ಮಾಡಿಕೊಳ್ಳುವಳು, ಮತ್ತೆ ಓಡಿಸುವಳು. ಟೈಲರನಿಗೆ ಹೆಮ್ಮೆಯೋ ಹೆಮ್ಮೆ. ಆದರೂ ಹೊತ್ತು ಹೋದಂತೆ ಎದೆಯೊಳಗೆ ಎಲ್ಲೋ ಒಂದು ಎಳೆ ಬಿಟ್ಟುಕೊಂಡ ಹಾಗೆ. ವಾರವಿಡೀ ಅವಳಿಗೆಂದು ಕೂಡಿಟ್ಟ ಮಾತು ಒಂದೂ ಹೊರಬಂದಿರಲಿಲ್ಲ.

ಕೆಳಗೆ ಅವಳ ತಾಯಿಯ ಸ್ಕೂಟರ್ ಹಾರ್ನ್ ಹೊಡೆಯಿತು.

"ಹೆಂಗಿತ್ತಮ್ಮಾ?" ಎಂದ ಬಾಗಿಲಲ್ಲಿ. "ಒಂದ್ಸಲನೂ ನಿಲ್ಲಲಿಲ್ಲ, ಅಲ್ವಾ? ಇನ್ಮೇಲೆ ವಾರವಾರ ಬರ್ತೀಯಲ್ಲ?"

ಮಗಳು ಚಪ್ಪಲಿಯ ಪಟ್ಟಿ ಹಿಡಿದು ಬಗ್ಗಿದವಳು ಏಳಲಿಲ್ಲ.

"ಅಪ್ಪಾ... ಅಮ್ಮಂಗೆ ದೂರದ ಊರಿಗೆ ವರ್ಗ ಆಗಿದೆ. ಬುಧವಾರ ಹೊರಡ್ತೀವಿ. ಹೋದ ವಾರನೇ ಹೇಳ್ಬೇಕಿತ್ತು, ಅಳು ಬಂತು."

"ಇವತ್ತಾದ್ರೂ..." ಎಂದ ಟೈಲರ್.

"ಅದು ನಿಂತಾಗ ಹೇಳೋಣ ಅಂತ ಕಾಯ್ತಿದ್ದೆ ಅಪ್ಪಾ. ಅದು ನಿಂತ್ರೇನೇ ಅಲ್ವಾ ನಾವ್ ಮಾತಾಡೋದು? ಇವತ್ತು ನಿಲ್ಲಲೇ ಇಲ್ಲ."

ಹಾರ್ನ್ ಮತ್ತೊಮ್ಮೆ ಕೂಗಿತು. ಅವನ ಸೊಂಟವನ್ನು ಒಂದು ಗಳಿಗೆ ಬಿಗಿಯಾಗಿ ತಬ್ಬಿ, ಮಗಳು ಇಳಿದು ಹೋದಳು.

ಮೆಟ್ಟಿಲ ಮೇಲಿಂದ ಲೈನ್‌ಮನ್ ಬಗ್ಗಿ ನೋಡಿದರು. "ಏನಯ್ಯಾ, ಎಲ್ಲಾ ಹೊಂದ್ಕೊಳ್ತಾ?"

"ಹೊಂದ್ಕೊಂಡಿತು ಸಾರ್."

"ನಾನ್ ಹೇಳ್ಲಿಲ್ವಾ!"

ಟೈಲರ್ ಒಳಗೆ ಬಂದ. ಓವರ್‌ಲಾಕ್ ಇದ್ದ ಜಾಗದಲ್ಲಿ ನೆಲ ಬೆಳ್ಳಗಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದ. ಹಳೆಯ ಮೆಮೊರಿ ಪಟ್ಟಿಯನ್ನು ಮೂಲೆಯಿಂದ ಹುಡುಕಿ, ಉಜ್ಜಿ ಒರೆಸಿ, ಹೊಸ ಬೋರ್ಡಿನ ಮೇಲೆ ಮೆಲ್ಲಗೆ ಹಿಡಿದು ನೋಡಿದ.

ಕಾಜಾ ಒಂದು ಕಡೆ ಇತ್ತು, ಗುಂಡಿ ಇನ್ನೊಂದು ಕಡೆ.