ಹನ್ನೊಂದು ಮಂದಿಯ ಪಗಾರ

ಬೇರೆಯವರಿಗೆ ಬಂದ ಕಷ್ಟ ಕೇಳಿ ಜನ ಅಯ್ಯೋ ಅನ್ನುತ್ತಾರೆ. ನನ್ನ ಕಷ್ಟ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹುಟ್ಟಿದಾಗಿನಿಂದ ಹೀಗೇ ನಡೆದಿದೆ, ನನಗೆ ಮಾತ್ರ ಇನ್ನೂ ನಗು ಬಂದಿಲ್ಲ.

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಇಪ್ಪತ್ತೆರಡು ವರ್ಷ ಸೀನುತ್ತಲೇ ಬರೆದವನು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಆ ಕಾಲದಲ್ಲಿ, ಟೆಂಡರೆಲ್ಲ ಕಂಪ್ಯೂಟರಿಗೆ ಹೋಗುತ್ತದಂತೆ ಎಂಬ ಸುದ್ದಿ ಮಾರುಕಟ್ಟೆಯಲ್ಲಿ ಹಬ್ಬಿತು. ಸಾಹುಕಾರರು ನನ್ನನ್ನು ಕರೆದು, “ಗುಮಾಸ್ತರ, ಕಂಪ್ಯೂಟರ್ ಕಲೀರಿ. ಇಲ್ಲಾಂದ್ರ ಮನ್ಯಾಗ ಆರಾಮ ಕುಂದ್ರಿ,” ಎಂದರು. ನಲವತ್ತೆಂಟನೇ ವಯಸ್ಸಿಗೆ ಮನೆಯಲ್ಲಿ ಆರಾಮ ಕೂರುವಷ್ಟು ಅನುಕೂಲ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಅವತ್ತು ಊಟ ಸೇರಲಿಲ್ಲ.

ರಾಣೆಬೆನ್ನೂರಿನಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಹೈಸ್ಕೂಲಿನ ಪೀಟಿ ಮಾಸ್ತರ. ರವಿವಾರಕ್ಕೊಮ್ಮೆ ಅವನ ಜೊತೆ ಅಲ್ಲಿನ ನೆಟ್ ಸೆಂಟರಿಗೆ ಹೋಗತೊಡಗಿದೆ. ಎರಡು ರವಿವಾರ ಟೈಪಿಂಗ್ ಕಲಿಸಿದ. ಮೂರನೆಯ ರವಿವಾರ, “ಅಣ್ಣಾರ, ಬರೇ ಟೈಪ್ ಮಾಡಿದ್ರ ಬ್ಯಾಸರಾಗ್ತೈತಿ,” ಎಂದು ಒಂದು ಫುಟ್‌ಬಾಲ್ ಆಟ ತೆಗೆದು ತೋರಿಸಿದ. ಅದರಲ್ಲಿ ಚೆಂಡು ಒದೆಯುವ ಕೆಲಸ ನಮ್ಮದಲ್ಲ. ನಾವು ತಂಡದ ಮ್ಯಾನೇಜರು. ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ವಾರವಾರ ಎಲ್ಲರಿಗೂ ಪಗಾರ ಕೊಡಬೇಕು. ಚಲೋ ಆಟಗಾರರನ್ನು ಇಟ್ಟುಕೊಂಡರೆ ಪಗಾರಕ್ಕೆ ಗಲ್ಲಾ ಖಾಲಿ. ಅಗ್ಗದವರನ್ನು ಇಟ್ಟುಕೊಂಡರೆ ತಂಡ ಸೋಲುತ್ತದೆ, ಸೋತರೆ ಜನ ಟಿಕೆಟ್ ಕೊಳ್ಳುವುದಿಲ್ಲ, ಆಗಲೂ ಗಲ್ಲಾ ಖಾಲಿ. ಇಂಥ ಆಟವನ್ನು ಮಂದಿ ಖುಷಿಗಾಗಿ ಆಡುತ್ತಾರೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಆದರೂ ಆಡಿದೆ.

ಒಂದೇ ಚೀಟಿ

ಬ್ಯಾಡಗಿಯಲ್ಲಿ ಆಗಿನ ಟೆಂಡರಿನ ರೀತಿಯೇ ಬೇರೆ. ಖರೀದಿದಾರ ಕಾಯಿ ಮುರಿದು, ಬಣ್ಣ ನೋಡಿ, ಚೀಟಿಯಲ್ಲಿ ದರ ಬರೆದು ಹಾಕುತ್ತಾನೆ. ಒಮ್ಮೆ ಹಾಕಿದರೆ ಮುಗಿಯಿತು, ತಿದ್ದುವಂತಿಲ್ಲ. ಹೆಚ್ಚು ಬರೆದವನಿಗೆ ಮಾಲು. ಹಾಗಾಗಿ ಮನಸ್ಸಿನಲ್ಲಿದ್ದ ಕಡೆಯ ದರವನ್ನೇ ಮೊದಲು ಬರೆಯಬೇಕು. ಇಪ್ಪತ್ತೆರಡು ವರ್ಷ ಅದನ್ನೇ ನೋಡಿದವನು ನಾನು.

ಗೋಲು ಹೊಡೆಯುವ ಆಟಗಾರನೊಬ್ಬ ಮಾರಾಟಕ್ಕೆ ಬಂದ. ಶುರುವಿನ ದರ ಹತ್ತು ಸಾವಿರ. ನಮ್ಮ ತಂಡದ ಗಲ್ಲಾದಲ್ಲಿ ಮೂರು ಲಕ್ಷವಿತ್ತು. ಷಡ್ಡಕ ಚಹಾ ಹೇಳಲು ಹೊರಗೆ ಹೋಗಿದ್ದ. ನಾನು ಮಾಲು ಚಲೋ ಇದೆ ಎಂದು ಎರಡು ಲಕ್ಷ ತೊಂಬತ್ತು ಸಾವಿರ ಬರೆದು ಒತ್ತಿಬಿಟ್ಟೆ.

ಷಡ್ಡಕ ಬಂದು ನೋಡಿ ಗೋಡೆಗೆ ಒರಗಿದ. “ಅಣ್ಣಾರ, ಇದು ಹರಾಜಿನ ಸವಾಲ್ರೀ! ಒಂದೊಂದ ಸಾವಿರ ಏರಿಸ್ಕೋತ ಹೋಗೂದು. ಎಲ್ಲಾರಿಗೂ ಕಾಣಸ್ತೈತಿ!”

“ಕಾಣಲಿ ಬಿಡಪಾ. ನಮಗಿಂತ ಹೆಚ್ಚ ಯಾರೂ ಹಾಕಂಗಿಲ್ಲ.”

ಖರೆ, ಯಾರೂ ಹಾಕಲಿಲ್ಲ. ಹನ್ನೊಂದು ಸಾವಿರವನ್ನೂ ಯಾರೂ ಹಾಕಿರಲಿಲ್ಲ. ಆಟಗಾರ ಬಂದ ಮೇಲೆ ತಿಳಿಯಿತು, ಅವನೊಬ್ಬನ ಪಗಾರ ಉಳಿದ ಹತ್ತು ಮಂದಿಯದಕ್ಕಿಂತ ಹೆಚ್ಚು. ಅವನನ್ನು ಮಾರಿದ ಯಾವುದೋ ದೇಶದ ಮನುಷ್ಯ ನಮಗೊಂದು ಸಂದೇಶ ಕಳಿಸಿದ್ದ. ಷಡ್ಡಕ ಓದಿ ಅರ್ಥ ಹೇಳಿದ: “ಭಾಳ ಉಪಕಾರ ಆತಂತ. ಅವನ ಹಂತ್ಯಾಕ ಇಂಥಾವ್ರು ಇನ್ನೂ ಇಬ್ರು ಅದಾರಂತ.”

ಸೋಮವಾರದ ಬಿಡುವು

ಇರುವವರಿಗೇ ತರಬೇತಿ ಕೊಟ್ಟು ತಯಾರು ಮಾಡಿದರೆ ಪಗಾರ ಉಳಿಯುತ್ತದೆಂದು ತೀರ್ಮಾನಿಸಿದೆವು. ತರಬೇತಿಯ ಉಸ್ತುವಾರಿ ಷಡ್ಡಕನದು, ಹೇಗೂ ಪೀಟಿ ಮಾಸ್ತರ. ಎರಡು ತಿಂಗಳಾಯಿತು. ಒಬ್ಬನ ಆಟವೂ ಎಳ್ಳಷ್ಟು ಸುಧಾರಿಸಲಿಲ್ಲ. ಸಾಲಾಗಿ ಎಂಟು ಪಂದ್ಯ ಸೋತೆವು.

ಕಡೆಗೊಮ್ಮೆ ನೋಡುತ್ತೇನೆ, ತರಬೇತಿಯ ಜಾಗದಲ್ಲಿ ವಿಶ್ರಾಂತಿ ಎಂದಿದೆ.

“ಇದೇನಪಾ?”

“ಈ ಆಟದಾಗ ತರಬೇತಿ ಸೋಮವಾರ ನಡಿತೈತ್ರಿ. ಅದಕ್ಕ ರವಿವಾರನ ವಿಶ್ರಾಂತಿ ಹಾಕಿ ಹೊಕ್ಕೇನಿ.”

“ಯಾಕ?”

ಷಡ್ಡಕ ಕುಪ್ಪೇಲೂರಿನ ಒಕ್ಕಲು ಮನೆತನದವನು. ನನ್ನನ್ನು ಪಾಪಿಯನ್ನು ನೋಡುವಂತೆ ನೋಡಿದ. “ಸೋಮವಾರ ದೇವರ ವಾರ, ನಾವು ಎತ್ತಿನ ಹೆಗಲಿಗೂ ನೊಗಾ ಇಡಂಗಿಲ್ರೀ. ಇವ್ರು ಮನುಷ್ಯಾರು.”

“ವಾರಕ್ಕ ತರಬೇತಿ ಇರೂದ ಅದೊಂದ ದಿನಾ ಅಲ್ಲೋ!”

“ಅದು ಆಟಾ ಮಾಡಿದವ್ರ ತಪ್ಪು.”

ಎತ್ತಿಗೆ ಬಿಡುವು ಕೊಟ್ಟ ದಿನವೂ ಮೇವು ಹಾಕಲೇಬೇಕು. ಪಗಾರ ಸೋಮವಾರವೂ ತಪ್ಪದೆ ಕಡಿತವಾಗುತ್ತಿತ್ತು. ಅದಕ್ಕೂ ವಿಶ್ರಾಂತಿ ಕೊಡುವ ಗುಂಡಿ ಎಲ್ಲಿದೆ ಎಂದು ಷಡ್ಡಕ ಮುಂದಿನ ಒಂದು ತಾಸು ಹುಡುಕಿದ.

ಗೋಲಿ ಹೋದದ್ದು

ಗಲ್ಲಾ ಮೈನಸ್ಸಿಗೆ ಇಳಿಯಿತು. ಹೀಗೇ ಇದ್ದರೆ ತಂಡವನ್ನೇ ಕಿತ್ತುಹಾಕುತ್ತೇವೆಂದು ಆಟದವರು ಎಚ್ಚರಿಕೆ ಕಳಿಸಿದರು. ಯಾರನ್ನಾದರೂ ತೆಗೆಯಲೇಬೇಕಾಯಿತು. ಅಷ್ಟು ರೊಕ್ಕ ಸುರಿದು ತಂದವನನ್ನು ಬಿಡಲು ಮನಸ್ಸಾಗಲಿಲ್ಲ. ಉಳಿದವರಲ್ಲಿ ಲೆಕ್ಕ ಹಾಕಿದರೆ ಹೋಗಬೇಕಾದವನು ಗೋಲು ಕಾಯುವ ನಮ್ಮ ಗೋಲಿ, ಮೂವತ್ತನಾಲ್ಕು ವರ್ಷದವ, ಮೊದಲ ದಿನದಿಂದ ಇದ್ದವನು. ವಯಸ್ಸಾದಂತೆ ಆಟ ಇಳಿದಿತ್ತು, ಪಗಾರ ಇಳಿದಿರಲಿಲ್ಲ. ಮಾರಾಟಕ್ಕಿಟ್ಟರೆ ಯಾರೂ ಕೇಳಲಿಲ್ಲ. ನಮ್ಮ ಅಂಗಡಿಯಲ್ಲಿಯೂ ಮೊದಲಿನಿಂದ ಇದ್ದವನು ನಾನೊಬ್ಬನೇ. ಮನಸ್ಸಿಗೆ ಬಹಳ ಕೆಡುಕೆನಿಸಿತು.

ಸುಮ್ಮನೆ ಕಳಿಸುವುದು ಸರಿಯಲ್ಲವೆಂದು ಹಾವೇರಿಗೆ ಹೋಗಿ ಸನ್ಮಾನಕ್ಕೆ ಹಾಕುವಂಥ ಒಂದು ಏಲಕ್ಕಿ ಮಾಲೆ ತಂದೆ. ನೆಟ್ ಸೆಂಟರಿನಲ್ಲಿ ಗೋಲಿಯ ಚಿತ್ರ ತೆಗೆದು ಮಾಲೆಯನ್ನು ಕಂಪ್ಯೂಟರಿಗೆ ಹಾಕಿದೆವು. ಇಬ್ಬರೂ ಎದ್ದು ನಿಂತು ಕೈ ಮುಗಿದೆವು. ಷಡ್ಡಕ ತೆಗೆದುಹಾಕುವ ಗುಂಡಿ ಒತ್ತಿದ. ಮನುಷ್ಯ ಮಾಯವಾದ. ನನ್ನ ಕಣ್ಣಲ್ಲಿ ನೀರು ಬಂತು.

ಸೆಂಟರಿನ ಮಾಲೀಕ ಮೆಲ್ಲಗೆ ಹತ್ತಿರ ಬಂದ. “ಯಾರ ಹೋದ್ರಿ?”

“ನಮ್ಮ ಗೋಲಿ.”

“ವಯಸ್ಸ ಎಷ್ಟಾಗಿತ್ತು?”

“ಮೂವತ್ನಾಲ್ಕು.”

“ಛೇ ಛೇ, ಹೋಗು ವಯಸ್ಸಲ್ಲ ಅದು. ಏನಾಗಿತ್ರೀ?”

“ಪಗಾರ ಹೆಚ್ಚಾಗಿತ್ತು,” ಎಂದ ಷಡ್ಡಕ.

ಮಾಲೀಕ ನನ್ನ ಬೆನ್ನು ಸವರಿ, “ಹೆಚ್ಚ ಪಗಾರಿದ್ದವ್ರಿಗೆ ಚಿಂತೀನೂ ಹೆಚ್ರೀ,” ಎಂದು ಆ ತಾಸಿನ ರೊಕ್ಕ ಬೇಡವೆಂದ.

ಅಂಗಡಿಯ ಪಟ್ಟಿ

ಅಷ್ಟೊತ್ತಿಗೆ ನಮ್ಮ ಅಂಗಡಿಗೂ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನನ್ನ ಪರೀಕ್ಷೆಯೂ ಬಂತು. ಸಾಹುಕಾರರು ಹೇಳಿದರು: “ಈ ಹಂಗಾಮು ಚಲೋ ಇಲ್ರೀ. ಅಂಗಡ್ಯಾಗ ಯಾರ್ಯಾರು ಅದಾರ, ಪಗಾರೆಷ್ಟು, ಕೆಲಸ ಹೆಂಗ, ಒಂದ ಪಟ್ಟಿ ಮಾಡಿ ತರ್ರಿ. ಯಾರನ್ನ ಬಿಡಬೇಕೋ ನೋಡೂಣು.”

ಎಲ್ಲ ಆಟದಲ್ಲಿ ಕಲಿತದ್ದೇ. ಹೆಸರು, ವಯಸ್ಸು, ಪಗಾರ, ಕೆಲಸಕ್ಕೆ ಹತ್ತರಲ್ಲಿ ಅಂಕ. ತೂಕ ಮಾಡುವ ಮುದುಕನ ಸಾಲಿಗೆ ಬಂದಾಗ ಕೈ ನಿಂತಿತು. ಆಟದ ಲೆಕ್ಕದ ಪ್ರಕಾರ ಅವನೇ ಹೋಗಬೇಕು. ಆಗಲಿಲ್ಲ. ಒಂಬತ್ತು ಕೊಟ್ಟೆ. ಅವನಿಗೆ ಒಂಬತ್ತಾದ ಮೇಲೆ ಉಳಿದವರಿಗೆ ಕಡಿಮೆ ಹೇಗೆ ಕೊಡುವುದು? ಎಲ್ಲರಿಗೂ ಒಂಬತ್ತು ಹಾಕಿ, ನನ್ನ ಹೆಸರನ್ನು ಬರೆಯದೆ, ಹೆದರುತ್ತ ಒಯ್ದು ಕೊಟ್ಟೆ.

ಸಾಹುಕಾರರು ಕನ್ನಡಕ ಏರಿಸಿಕೊಂಡು ಓದಿದರು. “ಎಲ್ಲಾರೂ ಒಂಬತ್ತ?”

“ಚಲೋ ತಂಡ ಐತ್ರೀ.”

“ಪಟ್ಟಿ ಭಾಳ ನೀಟ ಮಾಡೀರಿ. ಎಲ್ಲೆ ಕಲ್ತ್ರಿ ಇದನ್ನ?”

ಸುಳ್ಳು ಹೇಳಲು ಬರಲಿಲ್ಲ. ಆಟದ ಸಂಗತಿಯನ್ನೆಲ್ಲ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಎರಡು ಚಹಾ ತರಿಸಿ ಅರ್ಧ ತಾಸು ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತನ್ನು ಅವರು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಕೆಲಸ ಉಳಿಯಿತು ಎಂದು ನನಗೆ ಧೈರ್ಯ ಬಂತು.

“ಅಲ್ರೀ, ಆ ಆಟದಾಗ ಇಷ್ಟೆಲ್ಲಾ ಜವಾಬ್ದಾರಿ ಯಾರ್ದು?”

“ಮ್ಯಾನೇಜರಂದ್ರಿ,” ಎಂದೆ ಹೆಮ್ಮೆಯಿಂದ. “ತಂಡಾ ಗೆದ್ರೂ ಅವಂದ, ಸೋತ್ರೂ ಅವಂದ. ರಜಾನೂ ಇಲ್ಲ ಅವಂಗ.”

“ಮತ್ತ ಅವಂಗ ಪಗಾರ ಎಷ್ಟು?”

ಇಷ್ಟು ತಿಂಗಳು ಹಗಲೆಲ್ಲ ಪಗಾರದ ಚಿಂತೆ ಮಾಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ನೆನಪಿಸಿಕೊಂಡು ನೋಡಿದೆ. “ಅವಂಗ ಪಗಾರನ ಇಲ್ರೀ.”

ಸಾಹುಕಾರರು ಗಾದಿಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಶಾಣ್ಯಾ ಮಂದಿ ಮಾಡಿದ ಆಟ ಐತಿ. ಯಾರನ್ನೂ ಬಿಡೂದು ಬ್ಯಾಡ. ನಾಳಿಯಿಂದ ನಮ್ಮ ಅಂಗಡಿಗೆ ನೀವ ಮ್ಯಾನೇಜರು!”